ಡೆಕ್ ಮೇಲೆ ಬರೆಯಲಿಕ್ಕೆ ಮಾರ್ಕರ್ ಬೇಡ
ಪಣಂಬೂರಲ್ಲಿ ಲೇಸರ್ ದೋಣಿ, ಅಂದರೆ ಒಬ್ಬರೇ ಓಡಿಸುವ ಪುಟ್ಟ ಹಾಯಿದೋಣಿ, ಓಡಿಸುವವರಿಗೆ ಒಂದು ಮಾತು. ರೇಸಿನಲ್ಲಿ ಯಾವ ತೇಲುಗುರುತನ್ನು ಮೊದಲು ಸುತ್ತಬೇಕು, ಎಡಕ್ಕೋ ಬಲಕ್ಕೋ ಎಂಬುದನ್ನೆಲ್ಲ ಪರ್ಮನೆಂಟ್ ಮಾರ್ಕರ್‌ನಲ್ಲಿ ಡೆಕ್ (ದೋಣಿಯ ಮೇಲ್ಭಾಗ) ಮೇಲೆ ಗೀಚಬೇಡಿ. ನಾನು ಗೀಚಿ ನಮ್ಮೂರ ಬಿಸಿಲಿಗೆ ಎರಡು ದಿನ ಹಾಗೇ ಬಿಟ್ಟಿದ್ದೆ. ಸ್ಪಿರಿಟ್ ಹಾಕಿ ಉಜ್ಜಿದರೂ "ಎಡಕ್ಕೆ 2" ಅಂತ ಮಸುಕಾಗಿ ಈಗಲೂ ಓದಬಹುದು!

ಗ್ರೀಸ್ ಪೆನ್ಸಿಲ್ ತಗೊಳ್ಳಿ, ಗಾಜು, ಟೈಲ್ಸ್ ಮೇಲೆ ಗುರುತು ಹಾಕುವಂಥದ್ದು. ಮೇಣದ ಬರಹ, ಅಲೆ ಹೊಡೆದರೂ ಸುಲಭಕ್ಕೆ ಹೋಗುವುದಿಲ್ಲ. ದಡಕ್ಕೆ ಬಂದು ಒಣಬಟ್ಟೆಯಲ್ಲಿ ತಿಕ್ಕಿದರೆ ಮಾಯ. ಆದರೆ ನೀರಿಗಿಳಿಯುವ ಮೊದಲೇ, ಡೆಕ್ ಒಣಗಿರುವಾಗಲೇ ಬರೆಯಬೇಕು. ಅದು ಸಿಗದಿದ್ದರೆ ಮಕ್ಕಳ 2ಬಿ ಪೆನ್ಸಿಲೂ ಆಗುತ್ತದೆ, ರಬ್ಬರಲ್ಲಿ ಅಳಿಸಿಕೊಳ್ಳಿ.

ಕೂರುವ ಜಾಗ ಬಿಟ್ಟು ಮಾಸ್ಟ್ (ಹಾಯಿ ಕಂಬ) ಬುಡದ ಹತ್ತಿರ ಬರೆಯಿರಿ. ಇಲ್ಲದಿದ್ದರೆ ರೇಸಿನ ದಾರಿ ಪೂರ್ತಿ ಚಡ್ಡಿಗೆ ಅಂಟಿ ಮನೆಗೆ ಬರುತ್ತದೆ.