ಪರದೆ ಆನ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ

ಪ್ರೊಜೆಕ್ಟರ್ ಆನ್ ಆದ ಕೂಡಲೇ ತರಗತಿ ತಣ್ಣಗಾಗುತ್ತದೆ. ಆದರೆ ಗಲಾಟೆ ನಿಂತ ಮಾತ್ರಕ್ಕೆ ಪಾಠ ತಲೆಗೆ ಹತ್ತಿತು ಅಂತಲ್ಲ. ಪರದೆ ಮೇಲೆ ಏನು ಓಡುತ್ತಿದೆ ಅನ್ನುವುದಕ್ಕಿಂತ, ಆ ಹೊತ್ತಿನಲ್ಲಿ ಮಕ್ಕಳು ಏನು ಮಾಡುತ್ತಿದ್ದಾರೆ ಅನ್ನುವುದೇ ಮುಖ್ಯ. ವಿದ್ಯುತ್ ಮಂಡಲದ ಪಾಠವನ್ನೇ ಇಟ್ಟುಕೊಂಡು ಒಂದು ಪೀರಿಯಡ್ ಹೇಗೆ ನಡೆಸಬಹುದು ನೋಡೋಣ.

1. ಮೊದಲು ಊಹೆ

ಬೋರ್ಡ್ ಮೇಲೆ ಒಂದು ಬ್ಯಾಟರಿ, ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು, ಒಂದೇ ಥರದ ಎರಡು ಬಲ್ಬ್ ಬರೆಯಿರಿ. ಯಾವುದು ಜಾಸ್ತಿ ಪ್ರಕಾಶವಾಗಿ ಉರಿಯುತ್ತದೆ? ಪ್ರತಿಯೊಬ್ಬರೂ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆಯಲಿ. ‘ಮೊದಲನೇ ಬಲ್ಬೇ ಕರೆಂಟನ್ನು ತಿಂದುಬಿಡುತ್ತದೆ, ಎರಡನೆಯದಕ್ಕೆ ಕಮ್ಮಿ’ ಅನ್ನುವವರು ಇದ್ದೇ ಇರುತ್ತಾರೆ. ಇರಲಿ, ಈಗಲೇ ತಿದ್ದಬೇಡಿ. ತನ್ನ ಊಹೆ ಸರಿಯೋ ತಪ್ಪೋ ಅಂತ ತಿಳಿಯುವ ಕುತೂಹಲ ಇದ್ದವರು ವಿಡಿಯೊವನ್ನು ಬೇರೆ ರೀತಿಯಲ್ಲೇ ನೋಡುತ್ತಾರೆ.

2. ವಿಡಿಯೊ ಚಿಕ್ಕದಿರಲಿ

ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆ ತಾಣದ ಕೋರ್ಸ್‌ಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಸಂಶೋಧಕರು 2014ರಲ್ಲಿ ಪರಿಶೀಲಿಸಿದ್ದರು. ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳನ್ನೇ ಜನ ಹೆಚ್ಚು ಗಮನವಿಟ್ಟು ನೋಡಿದ್ದು. ಅವು ಮನೆಯಲ್ಲಿ ಒಬ್ಬರೇ ಕೂತು ನೋಡಿದವು, ನಿಜ. ತರಗತಿಯಲ್ಲಿ ಒಂದು ಅನುಕೂಲ ಇದೆ: ವಿಡಿಯೊ ನಿಲ್ಲಿಸುವ ಬಟನ್ ಟೀಚರ್ ಕೈಯಲ್ಲಿರುತ್ತದೆ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ‘ಮುಂದೇನಾಗುತ್ತೆ?’ ಅಂತ ಕೇಳಿ.

ಸ್ಲೈಡ್ ಮೇಲಿನ ಸಾಲುಗಳನ್ನು ಹಾಗೇ ಓದಿ ಹೇಳುವ ವಿಡಿಯೊ ಬೇಡ. ಚಿತ್ರ ನೋಡುತ್ತಾ ಮಾತು ಕೇಳುವುದು ಸುಲಭ. ಅದೇ ಮಾತನ್ನು ಪರದೆ ಮೇಲೆ ಓದಲೂ ಹೋದರೆ ಕಣ್ಣಿಗೆ ಎರಡೆರಡು ಕೆಲಸ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗಗಳಲ್ಲಿ ಇದು ಕಂಡುಬಂದಿದೆ. ಕಿವಿ ಮಂದ ಇರುವವರಿಗೆ, ಪಾಠದ ಭಾಷೆ ಹೊಸತಾದವರಿಗೆ ಮಾತ್ರ ಸಬ್‌ಟೈಟಲ್ ಬೇಕೇ ಬೇಕು.

3. ಕೈಯಾಡಿಸಲು ಬಿಡಿ

ನನ್ನ ಪ್ರಕಾರ ಇ-ಕಲಿಕೆಯ ನಿಜವಾದ ಲಾಭ ಇರುವುದೇ ಇಲ್ಲಿ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ, ಕಂಪ್ಯೂಟರ್‌ನಲ್ಲೇ ಪ್ರಯೋಗ ಮಾಡಿ ನೋಡುವ ‘ಫೆಟ್’ (PhET) ಯೋಜನೆ ಶುರು ಮಾಡಿದರು. ಅದರಲ್ಲಿ ತಂತಿ, ಬ್ಯಾಟರಿ, ಬಲ್ಬ್‌ಗಳನ್ನು ಪರದೆ ಮೇಲೇ ಜೋಡಿಸಿ ನೋಡಬಹುದು. ಉಚಿತ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ನಿಜವಾದ ತಂತಿಯೊಳಗೆ ಕಾಣದ ಎಲೆಕ್ಟ್ರಾನ್‌ಗಳ ಓಟ ಇಲ್ಲಿ ಕಣ್ಣಿಗೆ ಕಾಣುತ್ತದೆ. ಎರಡೂ ಬಲ್ಬಿನಲ್ಲಿ ಕರೆಂಟ್ ಒಂದೇ, ಬೆಳಕೂ ಒಂದೇ ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ. ಅದನ್ನು ನೀವು ಹೇಳಬೇಕಾಗಿಯೇ ಇಲ್ಲ.

ಇಬ್ಬರಿಗೆ ಒಂದು ಕಂಪ್ಯೂಟರ್ ಸಾಕು. ಒಬ್ಬರು ಹೇಳಲಿ, ಇನ್ನೊಬ್ಬರು ಜೋಡಿಸಲಿ. ಆಮೇಲೆ ಜಾಗ ಬದಲಾಗಲಿ. ಇಲ್ಲದಿದ್ದರೆ ಚುರುಕಿನವರ ಕೈಯಿಂದ ಮೌಸ್ ಬಿಡುವುದೇ ಇಲ್ಲ, ಅಲ್ವಾ? ಸುಮ್ನೆ ಕ್ಲಿಕ್ ಮಾಡುತ್ತಾ ಕೂರದಂತೆ ಒಂದು ಕೆಲಸವನ್ನೂ ಕೊಡಿ: ‘ಮೂರನೇ ಬಲ್ಬ್ ಸೇರಿಸಿದರೆ ಏನಾಗುತ್ತೆ? ಮೊದಲು ಬರೆಯಿರಿ, ಆಮೇಲೆ ಸೇರಿಸಿ.’

4. ಮತ ಹಾಕಿಸಿ, ಮಾತಾಡಿಸಿ

ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಬಳಸುತ್ತಿರುವ ಉಪಾಯ ಇದು. ಬಹು ಆಯ್ಕೆಯ ಒಂದು ಪ್ರಶ್ನೆ ಕೊಟ್ಟು ಪ್ರತಿಯೊಬ್ಬರಿಂದ ಉತ್ತರ ಪಡೆಯಿರಿ. ಸರಿ ಉತ್ತರ ಕೊಟ್ಟವರು ಸುಮಾರು ಶೇ 30ರಿಂದ 70ರ ಒಳಗಿದ್ದರೆ, ಪಕ್ಕದವರನ್ನು ಒಪ್ಪಿಸಲು ಹೇಳಿ ಇನ್ನೊಮ್ಮೆ ಮತ ಹಾಕಿಸಿ. ಅದಕ್ಕಿಂತ ಕಮ್ಮಿ ಇದ್ದರೆ ವಿಷಯವನ್ನು ಮತ್ತೆ ವಿವರಿಸಬೇಕು. ಆ್ಯಪ್ ಇದ್ದರೆ ಲೆಕ್ಕ ತಕ್ಷಣ ಸಿಗುತ್ತದೆ. ಇಲ್ಲದಿದ್ದರೆ ಬೆರಳು ತೋರಿಸಿದರೂ ನಡೆಯುತ್ತದೆ.

ಮಾತಾಡುವ ಹೊತ್ತಿನಲ್ಲಿ ಸಾಧನಗಳು ಮುಚ್ಚಿರಲಿ. ಪಾಠದ ನಡುವೆ ಒಬ್ಬರು ಲ್ಯಾಪ್‌ಟಾಪ್‌ನಲ್ಲಿ ಬೇರೇನೋ ನೋಡುತ್ತಿದ್ದರೆ, ಅದು ಕಣ್ಣಿಗೆ ಬೀಳುವ ಹಾಗೆ ಕೂತವರ ಅಂಕವೂ ಇಳಿಯುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿದೆ.

5. ವಾರ ಬಿಟ್ಟು ಮತ್ತೆ ಕೇಳಿ

ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರದ ನಂತರ ಬರೆದವರು ಮುಂದೆ. ಹಾಗಾಗಿ ಕ್ವಿಜ್ ಅನ್ನು ಅಂಕಕ್ಕಾಗಿ ಇಡಬೇಡಿ, ನೆನಪಿಗಾಗಿ ಇಡಿ. ಅದೇ ದಿನ ಎರಡು ಪ್ರಶ್ನೆ, ಮುಂದಿನ ವಾರ ಎರಡು ಸಾಕು. ನಕ್ಷತ್ರ, ಬ್ಯಾಡ್ಜ್ ಹಂಚುವ ಆ್ಯಪ್‌ಗಿಂತ, ಉತ್ತರ ಯಾಕೆ ತಪ್ಪಾಯಿತು ಅಂತ ಹೇಳುವ ಆ್ಯಪ್ ಆರಿಸಿಕೊಳ್ಳಿ.

ಕ್ವಿಜ್ ಮುಗಿದ ಮೇಲೆ ಬರುವ ರಿಪೋರ್ಟನ್ನು ತೆರೆದು ನೋಡುವವರು ಕಮ್ಮಿ. ಅದರಲ್ಲಿ ಸರಾಸರಿ ಅಂಕ ಬಿಡಿ, ಹೆಚ್ಚು ಮಂದಿ ಆರಿಸಿದ ತಪ್ಪು ಉತ್ತರ ಯಾವುದು ನೋಡಿ. ಮುಂದಿನ ತರಗತಿಯ ಮೊದಲ ಪ್ರಶ್ನೆ ಅದರಿಂದಲೇ ಸಿಗುತ್ತದೆ.