ಸಣ್ಣ ಬೋಲ್ಟಿಗೇ ಮೊದಲು ಟಾರ್ಕ್ ರೆಂಚ್

ಮನೆಯಲ್ಲೇ ಬೈಕ್ ಕೆಲಸ ಮಾಡಿಕೊಳ್ಳುವವರು ಟಾರ್ಕ್ ರೆಂಚ್ (ಬೇಕಾದ ಬಿಗಿಯ ಅಂಕಿಗೆ ಇಟ್ಟರೆ, ಅಷ್ಟು ಬಿಗಿಯಾದಾಗ ಟಕ್ ಅನ್ನುವ ಸ್ಪ್ಯಾನರ್) ತಗೋಬೇಕು ಅಂದುಕೊಂಡ ಕೂಡಲೇ ದೊಡ್ಡದಕ್ಕೆ ಕೈ ಹಾಕುತ್ತಾರೆ. ಅರ್ಧ ಇಂಚು ಡ್ರೈವ್ (ಸಾಕೆಟ್ ಕೂರುವ ಚೌಕದ ಅಳತೆ), ಒಂದೂವರೆ ಅಡಿ ಉದ್ದ, ಹಿಂದಿನ ಚಕ್ರದ ಆಕ್ಸಲ್ ನಟ್ಟು ಬಿಗಿಯೋಕೆ. ನಾನು ಹೇಳುವುದು ಸಣ್ಣದನ್ನು ಮೊದಲು ತಗೊಳ್ಳಿ ಅಂತ. ಆಕ್ಸಲ್ ನಟ್ಟು ಗಟ್ಟಿ ಸ್ಟೀಲು, ಬಿಗಿ ಸ್ವಲ್ಪ ಹೆಚ್ಚಾದರೂ ತಡೆದುಕೊಳ್ಳುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಒಳಗೆ ಕೂರುವ 6 ಮತ್ತು 8 ಮಿಲಿಮೀಟರ್ ಬೋಲ್ಟುಗಳು ತಡೆಯುವುದಿಲ್ಲ. ಅವಕ್ಕೆ ಬೇಕಾದ ಬಿಗಿ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ.

ನಾನಿರುವುದು ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ಬೈಕ್ 150 ಸಿಸಿಯದು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಆಯಿಲ್ ಚೇಂಜ್, ಚೈನು, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಎಲ್ಲ ಮನೆ ಮುಂದೇನೇ ಮಾಡಿಕೊಳ್ಳುತ್ತೇನೆ.

ಗಾಡಿ ಮನೆಗೆ ಬಂದ ಮೇಲಿನ ಮೊದಲ ಆಯಿಲ್ ಚೇಂಜ್‌ನಲ್ಲೇ, ಎಂಜಿನ್ನಿನ ತಳದಲ್ಲಿ ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ಕಥೆ ಗೊತ್ತಾಯಿತು. ಮೊದಲು ಅದು ಕದಲಲೇ ಇಲ್ಲ. ಆಮೇಲೆ ಬಿಟ್ಟುಕೊಂಡಿತು, ಆದರೆ ಕೊನೆಯ ಸುತ್ತಿನವರೆಗೂ ಬಿಗಿಯಾಗಿಯೇ ತಿರುಗಿತು. ಸರಿಯಿರುವ ಬೋಲ್ಟು ಒಂದು ಸಲ ಸಡಿಲಾದರೆ ಬೆರಳಲ್ಲೇ ಬಿಚ್ಚಿಕೊಳ್ಳಬೇಕು, ಅಲ್ವಾ? ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿದೆ. ಥ್ರೆಡ್ಡಿನ (ತಿರುಪಿನ ಗೆರೆಗಳ) ಸಂದಿಯಲ್ಲಿ ಬೆಳ್ಳಗೆ ಹೊಳೆಯುವ ತಂತಿಯಂಥದ್ದು ಸುತ್ತಿಕೊಂಡಿತ್ತು. ಎಂಜಿನ್ನಿನ ಒಳಗಿನ ಥ್ರೆಡ್ಡೇ ಕಿತ್ತು ಬಂದಿತ್ತು. ವಾಷರ್ ಕಾಗದದಷ್ಟು ತೆಳ್ಳಗಾಗಿತ್ತು. ಪ್ರತಿ ಸಲ ಹಳೇ ವಾಷರನ್ನೇ ಹಾಕಿ, ಆಯಿಲ್ ಜಿನುಗದಿರಲಿ ಅಂತ ಯಾರೋ ಇನ್ನಷ್ಟು, ಇನ್ನಷ್ಟು ಬಿಗಿದಿದ್ದಾರೆ. ಮೈಸೂರಿನ ಮಂಡಿ ಮೊಹಲ್ಲಾ ಕಡೆ ಒಂದು ಲೇತ್ ಅಂಗಡಿಯಲ್ಲಿ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಹೆಲಿಕಾಯಿಲ್ ಅನ್ನುವ ಸ್ಟೀಲ್ ಸುರುಳಿ ಕೂರಿಸಿಕೊಟ್ಟರು. ಕೆಲಸ ಚೆನ್ನಾಗಿ ಆಯಿತು. ಆದರೆ ಒಂದು ವಾಷರ್ ಬದಲಾಯಿಸಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಬೋಲ್ಟು ಹೇಗೆ ಹಿಡಿದುಕೊಳ್ಳುತ್ತದೆ ಅನ್ನುವುದನ್ನು ಒಮ್ಮೆ ತಿಳಿದುಕೊಂಡರೆ ಕೈ ತಾನಾಗೇ ಹದಕ್ಕೆ ಬರುತ್ತದೆ. ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದ ಹಿಗ್ಗುತ್ತದೆ. ಮತ್ತೆ ಕುಗ್ಗಬೇಕು ಅಂತ ಎಳೆಯುವ ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಜಾಸ್ತಿ ಹಿಗ್ಗಿಸಿದರೆ ಬೋಲ್ಟು ವಾಪಸ್ ಬರುವುದಿಲ್ಲ. ಇಲ್ಲಾ ಅಂದರೆ ಅದಕ್ಕಿಂತ ಮೆದುವಾದ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಇನ್ನೊಂದು ವಿಷಯ. ನಾವು ಹಾಕುವ ಬಲದಲ್ಲಿ ಹೆಚ್ಚುಕಮ್ಮಿ ಅರ್ಧ ಬೋಲ್ಟಿನ ತಲೆ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ. ಸುಮಾರು 40 ಭಾಗ ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ಹಿಗ್ಗಿಸುವುದು ಉಳಿದ 10 ಭಾಗ ಮಾತ್ರ. ಆದ್ದರಿಂದ ಥ್ರೆಡ್ಡಿಗೆ ಗ್ರೀಸ್ ಬಳಿದರೆ ಲೆಕ್ಕವೇ ಬದಲಾಗುತ್ತದೆ. ಉಜ್ಜಾಟ ಕಮ್ಮಿಯಾಗಿ ಅದೇ ಟಾರ್ಕಿಗೆ, ಅಂದರೆ ಅಷ್ಟೇ ತಿರುಗಿಸುವ ಬಲಕ್ಕೆ, ಬೋಲ್ಟು ಇನ್ನೂ ಜಾಸ್ತಿ ಹಿಗ್ಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಆಯಿಲ್ ಹಚ್ಚಿ ಅಂತ ಹೇಳದಿದ್ದರೆ ಆ ಅಂಕಿ ಸ್ವಚ್ಛವಾದ, ಒಣಗಿದ ಥ್ರೆಡ್ಡಿಗೆ ಅಂತಲೇ ತಿಳಿಯಿರಿ. ಎಲ್ಲ ಬೋಲ್ಟಿಗೂ ಸುಮ್ನೆ ಗ್ರೀಸ್ ಮೆತ್ತುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಅದನ್ನು ಬಿಡಬೇಕು.

ನಮ್ಮ ಚಿಕ್ಕಪ್ಪ ಯೆಜ್ಡಿ ಬೈಕಿನ ಕಾಲದವರು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಗಾಡಿಗಳನ್ನು ಬಿಚ್ಚಿ ಜೋಡಿಸಿಯೇ ಕೈ ಪಳಗಿಸಿಕೊಂಡವರು. ನನ್ನ ರೆಂಚ್ ನೋಡಿ, "ಇದೆಲ್ಲ ಯಾಕ್ಲಾ ಮಗ, ಕೈಗೇ ಗೊತ್ತಾಯ್ತದೆ ಕಣ್ಲಾ" ಅಂದರು. "ಹಂಗಾದ್ರೆ ಒಂದು ಬಿಗೀರಿ ಚಿಕ್ಕಪ್ಪ, ನೋಡೋಣ" ಅಂದೆ. ಕ್ಲಚ್ ಕವರಿನ ಒಂದು 6 ಮಿಲಿಮೀಟರ್ ಬೋಲ್ಟನ್ನು ಅವರು ರಿಂಗ್ ಸ್ಪ್ಯಾನರ್‌ನಲ್ಲಿ ಬಿಗಿದರು. ಹಿಡಿದುಕೊಂಡದ್ದು ಸ್ಪ್ಯಾನರಿನ ತುದಿಯನ್ನು. ನಾನು ರೆಂಚ್ ಹಾಕಿ ನೋಡಿದೆ. 9 ನ್ಯೂಟನ್ ಮೀಟರ್‌ಗೆ (ಟಾರ್ಕ್ ಅಳೆಯುವ ಮಾನ) ಇಟ್ಟಾಗ ಬೋಲ್ಟು ಅಲ್ಲಾಡದೆ ಟಕ್ ಅಂತು. 11ಕ್ಕೆ ಇಟ್ಟಾಗ ಸ್ವಲ್ಪ ತಿರುಗಿತು. ಬೇಕಾದದ್ದು 10. ಅಂಥ ಕೈಗೆ ನಾನು ನಿಜವಾಗಿ ತಲೆಬಾಗುತ್ತೇನೆ.

ಆದರೆ ಅವರ ಸ್ಪ್ಯಾನರ್ ಗಿಡ್ಡದ್ದು, ಅದನ್ನು ಮರೆಯಬಾರದು. 12 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ 10 ನ್ಯೂಟನ್ ಮೀಟರ್ ಬರಬೇಕಾದರೆ ಸುಮಾರು ಎಂಟೂವರೆ ಕೆಜಿ ಎಳೆತ ಬೇಕು. ಅದೇ ಬೋಲ್ಟಿಗೆ 25 ಸೆಂಟಿಮೀಟರ್ ರಾಟ್ಚೆಟ್ (ಸಾಕೆಟ್ ತಿರುಗಿಸುವ ಹಿಡಿ) ಹಾಕಿದರೆ ನಾಲ್ಕು ಕೆಜಿ ಸಾಕು. ನಮ್ಮ ಕೈ ಮೊದಲಿನಷ್ಟೇ ಎಳೆದರೆ ಬಿಗಿ ಎರಡರಷ್ಟು ಆಯಿತು. ಈಗ ಎಲ್ಲರ ಹತ್ತಿರವೂ ರಾಟ್ಚೆಟ್ ಸೆಟ್ ಇದೆ. ಥ್ರೆಡ್ ಹೋಗುವುದು ಜಾಸ್ತಿ ಅಲ್ಲೇ.

ನಾನು ತಗೊಂಡದ್ದು ಕಾಲಿಂಚು ಡ್ರೈವಿನ, 5ರಿಂದ 25 ನ್ಯೂಟನ್ ಮೀಟರ್‌ವರೆಗಿನ ಕ್ಲಿಕ್ ರೆಂಚ್. ಸಾಮಾನ್ಯವಾಗಿ 6 ಮಿಲಿಮೀಟರ್ ಬೋಲ್ಟಿಗೆ 10, 8 ಮಿಲಿಮೀಟರಿಗೆ 22ರಿಂದ 25ರ ಸುಮಾರು ಬರುವುದರಿಂದ ಬೈಕಿನ ಬಹುಪಾಲು ಬೋಲ್ಟುಗಳು ಇದರೊಳಗೇ ಮುಗಿಯುತ್ತವೆ. ದೊಡ್ಡ ರೆಂಚಿನಲ್ಲಿ 10ಕ್ಕೆ ಇಡುವುದೇ ಕಷ್ಟ. ಯಾವ ರೆಂಚೇ ಆಗಲಿ, ಅದರ ಅಳತೆಯ ಕೆಳಗಿನ ಐದನೇ ಒಂದು ಭಾಗವನ್ನು ನಂಬಬಾರದು. ಇನ್ನೊಂದು ಎಚ್ಚರಿಕೆ. ಕೆಲವು ರೆಂಚುಗಳ ಮೇಲೆ ಎರಡು ಅಳತೆ ಕೆತ್ತಿರುತ್ತಾರೆ, ಒಂದು ನ್ಯೂಟನ್ ಮೀಟರ್, ಇನ್ನೊಂದು ಫುಟ್ ಪೌಂಡ್. ಒಂದು ಫುಟ್ ಪೌಂಡ್ ಅಂದರೆ 1.36 ನ್ಯೂಟನ್ ಮೀಟರ್. ತಪ್ಪು ಕಡೆ ನೋಡಿ 25 ಇಟ್ಟರೆ ಬೋಲ್ಟಿಗೆ 34 ಬೀಳುತ್ತದೆ.

ಹೊಸ ರೆಂಚ್ ಸರಿಯಿದೆಯಾ ಅಂತ ಮನೆಯಲ್ಲೇ ನೋಡಬಹುದು. ನಾನು ರೆಂಚಿನ ಚೌಕದ ತುದಿಯನ್ನು ವೈಸ್‌ಗೆ ಕಚ್ಚಿಸಿ, ಹಿಡಿ ನೆಲಕ್ಕೆ ಸಮನಾಗಿ ನಿಲ್ಲುವಂತೆ ಮಾಡಿದೆ. ಚೌಕದಿಂದ ಹಿಡಿಯ ನಡುವಿಗೆ 22 ಸೆಂಟಿಮೀಟರ್ ಇತ್ತು. ಈ ದೂರಕ್ಕೆ 10 ನ್ಯೂಟನ್ ಮೀಟರ್ ಬರಲು 4.6 ಕೆಜಿ ತೂಗಬೇಕು. ಹಿಡಿಯ ನಡುವಿಗೆ ದಾರ ಕಟ್ಟಿ ಐದು ಲೀಟರ್ ಕ್ಯಾನ್ ನೇತುಹಾಕಿ, ಚೊಂಬಿನಲ್ಲಿ ನಿಧಾನಕ್ಕೆ ನೀರು ಹುಯ್ಯುತ್ತಾ ಹೋದೆ. ಟಕ್ ಅಂದು ಹಿಡಿ ಸ್ವಲ್ಪ ಇಳಿದ ಕೂಡಲೇ ನಿಲ್ಲಿಸಿ, ಕ್ಯಾನನ್ನು ಪಕ್ಕದ ದಿನಸಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ. ನಾಲ್ಕೂವರೆ ಕೆಜಿಗೆ ಸ್ವಲ್ಪ ಕಮ್ಮಿ ಬಂತು. ರೆಂಚಿನ ಸ್ವಂತ ತೂಕವೂ ಒಂದಿಷ್ಟು ಎಳೆಯುತ್ತದಲ್ಲ, ಅದನ್ನು ಸೇರಿಸಿದರೆ ಲೆಕ್ಕ ಸರಿಹೋಯಿತು.

ಈಗ ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್. ಮೊದಲು ಬೆರಳಿನಲ್ಲೇ ಪೂರ್ತಿ ತಿರುಗಿಸುತ್ತೇನೆ. ಬೆರಳಿನಲ್ಲಿ ಹೋಗದಿದ್ದರೆ ಓರೆಯಾಗಿ ಕಚ್ಚಿದೆ ಅಂತಲೇ ಅರ್ಥ, ತೆಗೆದು ಮತ್ತೆ ಕೂರಿಸಬೇಕು. ಆಮೇಲೆ ರೆಂಚಿನ ಹಿಡಿಯನ್ನು ನಡುವೆ ಹಿಡಿದು, ಜರ್ಕ್ ಇಲ್ಲದೆ ನಿಧಾನಕ್ಕೆ ಎಳೆಯುತ್ತೇನೆ. ಒಂದು ಟಕ್. ಅಷ್ಟೇ. ಖಾತ್ರಿಗೆ ಅಂತ ಇನ್ನೆರಡು ಸಲ ಟಕ್ ಟಕ್ ಅನ್ನಿಸುವವರಿದ್ದಾರೆ. ಪ್ರತಿ ಸಲವೂ ಬೋಲ್ಟು ಇನ್ನಷ್ಟು ತಿರುಗಬಹುದು, ಹಾಗೆ ಮಾಡಬೇಡಿ. ಕ್ಲಚ್ ಕವರಿಗೆ ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದು, ಮೊದಲ ಸುತ್ತಿಗೆ 6, ಎರಡನೇ ಸುತ್ತಿಗೆ 10. ಒಂದೇ ಕಡೆಯಿಂದ ಬಿಗಿದುಕೊಂಡು ಹೋದರೆ ಕವರ್ ಓರೆಯಾಗಿ ಕೂತು ಗ್ಯಾಸ್ಕೆಟ್ (ಕವರಿನ ಸಂದಿ ಮುಚ್ಚುವ ಪದರ) ಬಳಿ ಆಯಿಲ್ ಜಿನುಗುತ್ತದೆ. ಸ್ಪಾರ್ಕ್ ಪ್ಲಗ್ಗನ್ನು ಎಂಜಿನ್ ತಣ್ಣಗಿದ್ದಾಗ ಮಾತ್ರ ಮುಟ್ಟುತ್ತೇನೆ. ಕೆಲಸ ಮುಗಿದ ಮೇಲೆ ರೆಂಚಿನ ಅಳತೆಯನ್ನು ತೀರಾ ಕೆಳಗಿನ ಗುರುತಿಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತುಹೋಗುತ್ತದೆ. ಬೋಲ್ಟು ಬಿಚ್ಚೋಕೆ ಅದನ್ನು ಬಳಸುವುದೇ ಇಲ್ಲ.

ಆಕ್ಸಲ್ ನಟ್ಟಿಗೆ ದೊಡ್ಡ ರೆಂಚ್ ಬೇಕೇ ಬೇಕು, ಅದನ್ನು ಗೆಳೆಯನ ಹತ್ತಿರ ಈಸಿಕೊಂಡು ಬರುತ್ತೇನೆ. ಅಲ್ಲಿ ಮತ್ತು ಬ್ರೇಕ್ ಕ್ಯಾಲಿಪರ್ ಬೋಲ್ಟಿನಲ್ಲಿ ಅಪಾಯ ಇರುವುದು ಕಮ್ಮಿ ಬಿಗಿಯುವುದರಲ್ಲಿ. ನಟ್ಟು ಬಿಗಿದಾದ ಮೇಲೆ ಚೈನಿನ ಸಡಿಲವನ್ನು ಮತ್ತೊಮ್ಮೆ ನೋಡುತ್ತೇನೆ, ಬಿಗಿಯುವಾಗ ಚಕ್ರ ಸ್ವಲ್ಪ ಸರಿದಿರುತ್ತದೆ. ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಹೊಸದೇ ಹಾಕಬೇಕು.

2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ವೇನಲ್ಲಿ ಬೈಕಿಗೆ ಅವಕಾಶ ಇಲ್ಲ. ನಾವೆಲ್ಲ ಸರ್ವಿಸ್ ರಸ್ತೆಯ ಹಂಪು ಹಾರಿಸಿಕೊಂಡೇ ಓಡಾಡಬೇಕು. ಅದಕ್ಕೇ ಬಿಗಿದ ಬೋಲ್ಟುಗಳ ತಲೆಯಿಂದ ಪಕ್ಕದ ಲೋಹಕ್ಕೆ ಪೇಂಟ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದಿದ್ದೇನೆ. ಗಾಡಿ ತೊಳೆಯುವಾಗ ಗೆರೆಗಳನ್ನು ನೋಡಿದರೆ ಸಾಕು. ಎಲ್ಲಾದರೂ ಗೆರೆ ಮುರಿದು ಕಂಡರೆ ಆ ಬೋಲ್ಟನ್ನು ಸಡಿಲಿಸಿ, ಥ್ರೆಡ್ ಒರೆಸಿ, ಮ್ಯಾನ್ಯುಯಲ್ಲಿನ ಅಂಕಿಗೆ ಮೊದಲಿನಿಂದ ಬಿಗಿಯುತ್ತೇನೆ.