ಬಿಸಿ ಎಂಜಿನ್ನಿನ ಹಠ ಬಿಡಿಸಿದ ರಿಲೇ: ನನ್ನ ಅನುಭವ

ನನ್ನ ಕಾರಿನ ಶೆವರ್ಲೆ 327 ಎಂಜಿನ್ನಿನ ಕಂಪ್ರೆಷನ್ 11:1, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಹನ್ನೊಂದರಲ್ಲೊಂದು ಗಾತ್ರಕ್ಕೆ ಒತ್ತುವಂಥದ್ದು; ತಿರುಗಿಸಲು ಬಲ ಹೆಚ್ಚು ಬೇಕು. ಬಿಸಿ ಹೊಗೆ ಹೊರಹೋಗುವ ಹೆಡರ್ ಪೈಪು, ಎಂಜಿನ್ನನ್ನು ಮೊದಲು ತಿರುಗಿಸುವ ಮೋಟರ್ ಆದ ಸ್ಟಾರ್ಟರಿನಿಂದ ಎರಡು ಬೆರಳಷ್ಟೇ ದೂರ. ತಣ್ಣಗಿದ್ದಾಗ ಕೀ ತಿರುಗಿಸಿದೊಡನೆ ಏಳುತ್ತಿದ್ದ ಈ ಎಂಜಿನ್, ಅರ್ಧ ಗಂಟೆ ಓಡಿ ಹತ್ತು ನಿಮಿಷ ನಿಂತರೆ ಸಾಕು, ಒಮ್ಮೆ 'ಟಕ್' ಎಂದು ಸುಮ್ಮನಾಗುತ್ತಿತ್ತು. ಎರಡು ವರ್ಷಗಳಲ್ಲಿ ಎರಡು ಸ್ಟಾರ್ಟರ್, ಒಂದು ದೊಡ್ಡ ಬ್ಯಾಟರಿ ಮತ್ತು ಸ್ಟಾರ್ಟರಿಗೆ ಸುತ್ತುವ ಶಾಖರಕ್ಷಕ ಹೊದಿಕೆಗೆ ಹಣ ಸುರಿದೆ. ಹೊದಿಕೆಯಿಂದ ಐದು ನಿಮಿಷದ ಉಪಶಮನ ಸಿಕ್ಕಿತು, ಅಷ್ಟೆ.

ಆರಂಭಿಕ ಟೈಮಿಂಗ್ (ಪಿಸ್ಟನ್ ತುದಿ ಮುಟ್ಟುವ ಎಷ್ಟು ಮೊದಲು ಕಿಡಿ ಹಾರಬೇಕು ಎಂಬ ಲೆಕ್ಕ) ಹೆಚ್ಚಾಗಿದೆ ಎಂದು ಬಲ್ಲವರು ಹೇಳಿದ್ದರಿಂದ 14 ಡಿಗ್ರಿಯನ್ನು 8ಕ್ಕೆ ಇಳಿಸಿದೆ. ಓಟದ ಚುರುಕು ಹೋಯಿತು, ತೊಂದರೆ ಹೋಗಲಿಲ್ಲ. ಇಗ್ನಿಷನ್ ಕಾಯಿಲಿನ ವೈರ್ ಕಳಚಿ, ಕಿಡಿಯೇ ಹಾರದಂತೆ ಮಾಡಿ ತಿರುಗಿಸಿ ನೋಡಿದಾಗಲೂ ಅದೇ 'ಟಕ್' ಕೇಳಿಸಿದ್ದರಿಂದ, ದೋಷ ಟೈಮಿಂಗಿನದಲ್ಲ ಎಂಬುದು ಖಚಿತವಾಯಿತು. ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಒಂದು ಸಂಜೆ ಕಾರಿನಡಿ ಮಲಗಿ, ಒದ್ದೆ ಬಟ್ಟೆಯನ್ನು ಸೊಲೆನಾಯ್ಡಿನ (ಸ್ಟಾರ್ಟರಿಗೆ ಕರೆಂಟ್ ಬಿಡುವ ವಿದ್ಯುತ್ಕಾಂತದ ಸ್ವಿಚ್ಚಿನ) ಮೇಲೆ ಹಿಡಿದೆ. ಚುರ್ ಎಂದು ಹಬೆ ಎದ್ದಿತು. ಬಟ್ಟೆಯನ್ನು ಮೂರು ಸಲ ಬದಲಿಸಿದ ಮೇಲೆ ಸ್ಟಾರ್ಟರ್ ಸಲೀಸಾಗಿ ತಿರುಗಿತು. ಮತ್ತೆ ಬಿಸಿ ಮಾಡಿ ಅಳೆದಾಗ, ಕೀ ತಿರುಗಿಸಿದ ಕ್ಷಣದಲ್ಲಿ ಬ್ಯಾಟರಿಯಲ್ಲಿ ಸುಮಾರು 12 ವೋಲ್ಟ್ ಇದ್ದರೂ ಸೊಲೆನಾಯ್ಡಿನ ಎಸ್ ಟರ್ಮಿನಲ್ಲಿಗೆ (ಕೀ ಕಡೆಯಿಂದ ಬರುವ ವೈರ್ ಸೇರುವ ತುದಿಗೆ) ತಲುಪುತ್ತಿದ್ದುದು ಏಳೂವರೆ ಮಾತ್ರ. ಹಳೆಯ ಕೀ ಸ್ವಿಚ್ಚು, ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ಚು ಮತ್ತು ಉದ್ದದ ತೆಳು ವೈರು ಉಳಿದದ್ದನ್ನು ನುಂಗುತ್ತಿದ್ದವು. ಸೊಲೆನಾಯ್ಡಿನೊಳಗಿನ ತಾಮ್ರದ ಕಾಯಿಲ್ ನೂರು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಅದರ ರೋಧ ಶೇ. 40ರ ಹತ್ತಿರ ಏರುವುದರಿಂದ, ಅಷ್ಟು ವೋಲ್ಟೇಜಿನಲ್ಲಿ ಸ್ವಿಚ್ಚು ಮುಚ್ಚುವ ಕಬ್ಬಿಣದ ಪ್ಲಂಜರನ್ನು ಪೂರ್ತಿ ಎಳೆಯುವ ಬಲ ಅದಕ್ಕೆ ಉಳಿದಿರಲಿಲ್ಲ.

40 ಆಂಪಿಯರಿನ ಸಾಮಾನ್ಯ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚು) ಒಂದನ್ನು ಹಾಕಿದೆ. ಹಳೆಯ ಎಸ್ ವೈರ್ ಈಗ ರಿಲೇಯನ್ನಷ್ಟೇ ಎಬ್ಬಿಸುತ್ತದೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ದಪ್ಪ ವೈರ್, ಆ ರಿಲೇ ಮೂಲಕ ಸೊಲೆನಾಯ್ಡಿಗೆ ಕರೆಂಟ್ ಕೊಡುತ್ತದೆ. ಬ್ಯಾಟರಿಯ ನೆಗೆಟಿವ್ ಕೇಬಲನ್ನೂ ಚಾಸಿಯಿಂದ (ಕಾರಿನ ಚೌಕಟ್ಟಿನಿಂದ) ಬಿಡಿಸಿ ಎಂಜಿನ್ ಬ್ಲಾಕಿಗೇ ಬಿಗಿದು, ಚಾಸಿಗೆ ಬೇರೆ ಪಟ್ಟಿ ಕೊಟ್ಟೆ. ಆ ಬದಿಯಲ್ಲಿ ಮುಕ್ಕಾಲು ವೋಲ್ಟಿನಷ್ಟಿದ್ದ ನಷ್ಟ 0.2ಕ್ಕೆ ಇಳಿಯಿತು. ಹಿಂದೆ ಕಳೆದ ಹಣದ ಇಪ್ಪತ್ತರಲ್ಲೊಂದು ಪಾಲೂ ಇದಕ್ಕೆ ಖರ್ಚಾಗಲಿಲ್ಲ. ರಿಲೇಯನ್ನು ಕಣ್ಣಿಗೆ ಬೀಳದಂತೆ ಎಲ್ಲಿ ಕೂರಿಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

'ಸ್ಟಾರ್ಟರ್ ಬದಲಿಸದೆ ಇದು ಸರಿಹೋಗದು' ಎಂದಿದ್ದ ಗೆಳೆಯರ ಎದುರಿಗೇ, ಟೈಮಿಂಗನ್ನು ಮತ್ತೆ 14ಕ್ಕೆ ಏರಿಸಿ, ಒಂದು ಗಂಟೆ ಓಡಿಸಿ ತಂದು ನಿಲ್ಲಿಸಿದೆ. ಹತ್ತು, ಇಪ್ಪತ್ತು, ಮೂವತ್ತು ನಿಮಿಷ ಬಿಟ್ಟು ಒಂದೊಂದು ಸಲ ಕೀ ತಿರುಗಿಸಿದೆ. ಮೂರು ಸಲವೂ ಮೊದಲ ಯತ್ನಕ್ಕೇ ಎಂಜಿನ್ ಎದ್ದಿತು.